ಟ್ರಾಲ್ ಬೋಟಿನ ಎಂಜಿನ್‌ಗೆ ಹಿಡಿದ ತುಕ್ಕು: ಮಲ್ಪೆಯ ಒಂದು ಮಳೆಗಾಲದ ಕೆಲಸ

ಎಂಜಿನ್‌ನ ತಳದ ಆಯಿಲ್ ಚೇಂಬರಿನ ಹಿಂದಿನ ಮೂಲೆಗೆ ಸ್ಕ್ರೂಡ್ರೈವರಿನ ತುದಿ ಒತ್ತಿದೊಡನೆ ತಗಡು ಒಳಕ್ಕೆ ಬಗ್ಗಿತು. ಮೇಲಿನ ಹಸಿರು ಬಣ್ಣ ಮಾತ್ರ ಮಿರಿಮಿರಿ ಮಿಂಚುತ್ತಿತ್ತು. ಹಿಂದಿನ ಮಳೆಗಾಲದಲ್ಲಿ ಯಾರೋ ತುಕ್ಕಿನ ಮೇಲೆಯೇ ಬಣ್ಣ ಬಳಿದು ಬೋಟನ್ನು ಕಡಲಿಗೆ ಕಳಿಸಿದ್ದರು. ಬಣ್ಣದ ಅಡಿಯಲ್ಲಿ ಸಿಕ್ಕಿಕೊಂಡ ಉಪ್ಪು ವರ್ಷವಿಡೀ ಕಬ್ಬಿಣವನ್ನು ತಿಂದಿತ್ತು.

ಮರದ ಒಡಲಿಗೆ ಫೈಬರ್ ಹೊದಿಸಿದ ಟ್ರಾಲ್ ಬೋಟ್ ಇದು. ಆರು ಸಿಲಿಂಡರಿನ ಡೀಸೆಲ್ ಎಂಜಿನ್. ಒಳಗೆ ಸುತ್ತುವುದು ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ. ಆ ಕೂಲಂಟನ್ನು ತಣಿಸುವುದು ಹೀಟ್ ಎಕ್ಸ್‌ಚೇಂಜರಿನ ಕೊಳವೆಗಳೊಳಗೆ ಹರಿಯುವ ಕಡಲ ನೀರು. ಹೊಗೆ ಮಾತ್ರ ನೀರಿನ ಗೊಡವೆಯಿಲ್ಲದೆ ನೇರವಾಗಿ ಮೇಲಿನ ಕೊಳವೆಯಿಂದ ಹೊರಗೆ ಹೋಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಇಂಥ ಕೆಲಸವೆಲ್ಲ ಆ ಅವಧಿಯಲ್ಲಿಯೇ ಮುಗಿಯಬೇಕು. ಮಾಲೀಕರು ಕೇಳಿದ್ದು ಸರ್ವಿಸ್ ಮತ್ತು ಒಂದು ಕೋಟ್ ಪೇಂಟ್. ಚೇಂಬರಿನ ಮೂಲೆ ತೋರಿಸಿದ ಮೇಲೆ, "ಹಾಗಾದರೆ ಸರಿಯಾಗಿಯೇ ಮಾಡಿ ಮಾರಾಯ್ರೇ, ಮುಂದಿನ ವರ್ಷ ಇದನ್ನೇ ಮತ್ತೆ ನೋಡುವಂತಾಗಬಾರದು" ಎಂದರು.

ಸರಿಯಾಗಿ ಮಾಡುವುದೆಂದರೆ ಬ್ರಷ್ ಹಿಡಿದು ಕೆರೆಯಲು ಕೂರುವುದಲ್ಲ. ಎಂಜಿನ್‌ನ ಮೇಲೆ ತುಕ್ಕು ಎಲ್ಲ ಕಡೆಯೂ ಸಮನಾಗಿ ಬರುವುದಿಲ್ಲ. ಒಂದು ಕಡೆ ದಪ್ಪ ಪದರ, ಪಕ್ಕದಲ್ಲಿಯೇ ಕಾರ್ಖಾನೆಯ ಬಣ್ಣ ಹಾಗೆಯೇ ಉಳಿದಿರುತ್ತದೆ. ದಪ್ಪ ತುಕ್ಕು ಇರುವಲ್ಲಿಗೆ ಉಪ್ಪು ನೀರು ಎಲ್ಲಿಂದಲೋ ಬಂದು ಬೀಳುತ್ತಿದೆ ಎಂದೇ ಅರ್ಥ. ಆ ದಾರಿ ಮುಚ್ಚದೆ ಎಷ್ಟು ಒಳ್ಳೆಯ ಬಣ್ಣ ಹಚ್ಚಿದರೂ ಅದು ಒಂದು ಸೀಸನ್‌ನ ಮಾತು. ಹಾಗಾಗಿ ಏನನ್ನೂ ಬಿಚ್ಚುವ ಮೊದಲು, ಏನನ್ನೂ ಒರೆಸುವ ಮೊದಲು, ಟಾರ್ಚ್ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆಯುತ್ತ ಎಂಜಿನ್‌ನ ಸುತ್ತ ತೆವಳಿದೆ.

ಮೊದಲ ದಾರಿ ಹಿಂದೆಯೇ ಸಿಕ್ಕಿತು. ಪ್ರೊಪೆಲ್ಲರ್ ಶಾಫ್ಟ್ ಒಡಲಿನಿಂದ ಹೊರಗೆ ಹೋಗುವ ಕಡೆ ಗ್ಲ್ಯಾಂಡ್ ಇರುತ್ತದೆ. ಅದರೊಳಗೆ ಸುತ್ತಿದ ಪ್ಯಾಕಿಂಗ್ ಹಗ್ಗ ನೀರನ್ನು ತಡೆಯುತ್ತದೆ. ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ತೊಟ್ಟಿಕ್ಕಲೇಬೇಕು, ಇಲ್ಲದಿದ್ದರೆ ಪ್ಯಾಕಿಂಗ್ ಸುಟ್ಟು ಶಾಫ್ಟ್ ಸವೆಯುತ್ತದೆ. ಈ ಬೋಟಿನಲ್ಲಿ ಹಗ್ಗ ಹಳತಾಗಿ ಗಟ್ಟಿಯಾಗಿತ್ತು. ತೊಟ್ಟಿಕ್ಕಬೇಕಾದ ನೀರು ಧಾರೆಯಾಗಿ ಸುರಿದು ಕಪ್ಲಿಂಗಿನ ಮೇಲೆ ಬೀಳುತ್ತಿತ್ತು. ತಿರುಗುವ ಕಪ್ಲಿಂಗ್ ಅದನ್ನು ಸುತ್ತಲೂ ಎರಚುತ್ತಿತ್ತು. ಗೇರ್‌ಬಾಕ್ಸಿನ ಹಿಂಭಾಗದಲ್ಲಿಯೂ ಮೇಲಿನ ಹಲಗೆಯ ಅಡಿಯಲ್ಲಿಯೂ ಉಪ್ಪಿನ ಬಿಳಿ ಗೆರೆ ಅರ್ಧಚಂದ್ರದ ಆಕಾರದಲ್ಲಿ ಮೂಡಿತ್ತು. ಚೇಂಬರಿನ ಹಿಂದಿನ ಮೂಲೆ ಆ ಗೆರೆಯ ನೇರಕ್ಕೇ ಇತ್ತು.

ಎರಡನೆಯದು ಕಡಲ ನೀರೆಳೆಯುವ ಪಂಪು. ಈ ಪಂಪಿನಲ್ಲಿ ನೀರಿನ ಸೀಲಿಗೂ ಆಯಿಲ್ ಸೀಲಿಗೂ ನಡುವೆ ಒಂದು ಸಣ್ಣ ತೂತು ಇರುತ್ತದೆ. ಅದನ್ನು ಇಟ್ಟಿರುವುದೇ ಎಚ್ಚರಿಕೆಗಾಗಿ: ನೀರಿನ ಸೀಲ್ ಸೋತರೆ ನೀರು ಆ ತೂತಿನಿಂದ ಹೊರಗೆ ಬೀಳಬೇಕು, ಎಂಜಿನ್‌ನೊಳಗೆ ಹೋಗಬಾರದು. ಇಲ್ಲಿ ಯಾರೋ ಆ ತೂತಿಗೆ ಎಂಸೀಲ್ ಮೆತ್ತಿದ್ದರು. ಇದನ್ನು ನೋಡಿ ನನಗೆ ನಿಜಕ್ಕೂ ಸಿಟ್ಟು ಬಂತು. ಸೋರಿಕೆ ಕಣ್ಣಿಗೆ ಬೀಳದಂತೆ ಮಾಡಿದರೆ ಸೋರಿಕೆ ನಿಲ್ಲುವುದಿಲ್ಲ, ಬೇರಿಂಗ್ ದಾಟಿ ಆಯಿಲ್ ಕಡೆಗೆ ತಿರುಗುತ್ತದೆ. ಮೆತ್ತಿದ್ದನ್ನು ಕೆತ್ತಿ ತೆಗೆದು, ಎರಡೂ ಸೀಲ್, ಬೇರಿಂಗ್ ಮತ್ತು ನೀರು ತಳ್ಳುವ ರಬ್ಬರ್ ಚಕ್ರವಾದ ಇಂಪೆಲ್ಲರ್ ಬದಲಿಸಿದೆವು.

ಮೂರನೆಯದು ಆಕಾಶದಿಂದ ಬಂದದ್ದು. ಹೊಗೆ ಕೊಳವೆಯ ಬಾಯಿಗೆ ಮುಚ್ಚಳವಿರಲಿಲ್ಲ. ಮೊದಲ ಮಳೆಗೇ ನೀರು ಸೈಲೆನ್ಸರಿಗೆ ಇಳಿದು ಅಲ್ಲಿಂದ ತೆರೆದಿದ್ದ ಎಕ್ಸಾಸ್ಟ್ ವಾಲ್ವಿನ ಮೂಲಕ ಐದನೆಯ ಸಿಲಿಂಡರಿಗೆ ಹೋಗಿತ್ತು. ಮಳೆಗಾಲದಲ್ಲಿ ನಿಂತ ಎಂಜಿನ್‌ಗೆ ಸೆಲ್ಫ್ ಹೊಡೆಯುವ ಮೊದಲು ಇಂಜೆಕ್ಟರ್‌ಗಳನ್ನು ಬಿಚ್ಚಿ ಕ್ರ್ಯಾಂಕನ್ನು ಬಾರ್ ಹಾಕಿ ಕೈಯಿಂದ ಎರಡು ಸುತ್ತು ತಿರುಗಿಸುವುದು ನಮ್ಮ ಕಡ್ಡಾಯ ನಿಯಮ. ನೀರನ್ನು ಒತ್ತಿ ಕುಗ್ಗಿಸಲಾಗದು. ಪಿಸ್ಟನ್ ಮೇಲೆ ನೀರಿದ್ದಾಗ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಐದನೆಯ ಇಂಜೆಕ್ಟರ್ ತೂತಿನಿಂದ ಕಂದು ನೀರು ಚಿಮ್ಮಿತು. ಹೆಡ್ ಬಿಚ್ಚುವುದು ಅಲ್ಲಿಗೆ ಖಚಿತವಾಯಿತು.

ಇನ್ನು ತೊಳೆಯುವ ಕೆಲಸ. ನನ್ನ ಮಟ್ಟಿಗೆ ಇಡೀ ರಿಪೇರಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಯಾವುದೂ ಇಲ್ಲ, ಜನ ಇದಕ್ಕಿಂತ ಬೇಗ ಮುಗಿಸುವ ಕೆಲಸವೂ ಬೇರೆ ಇಲ್ಲ. ಅಡುಗೆ ಉಪ್ಪು ಗಾಳಿಯ ತೇವಾಂಶ ಶೇಕಡಾ 75 ದಾಟಿದಾಗ ನೀರೆಳೆದುಕೊಳ್ಳುತ್ತದೆ. ಆದರೆ ಕಡಲಿನ ಉಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಕೂಡ ಇದೆ. ಅದಕ್ಕೆ ಶೇಕಡಾ 33ರ ಆಸುಪಾಸಿನ ತೇವಾಂಶವೇ ಸಾಕು. ನಮ್ಮ ಕರಾವಳಿಯ ಗಾಳಿ ಅಷ್ಟು ಒಣಗುವುದೇ ಅಪರೂಪ. ಅಂದರೆ ಕಬ್ಬಿಣದ ಮೇಲೆ ಒಮ್ಮೆ ಕುಳಿತ ಕಡಲ ಉಪ್ಪು, ಏಪ್ರಿಲ್‌ನ ಬಿಸಿಲಿನಲ್ಲಿಯೂ ಒದ್ದೆಯಾಗಿಯೇ ಇರುತ್ತದೆ. ಕಣ್ಣಿಗೆ ಒಣಗಿದಂತೆ ಕಾಣುವ ಎಂಜಿನ್ ನಿಜದಲ್ಲಿ ಒಣಗಿರುವುದಿಲ್ಲ. ಆ ಉಪ್ಪಿನ ಮೇಲೆ ಬಣ್ಣ ಹಚ್ಚಿದರೆ ಬಣ್ಣದ ಪದರ ದಾಟಿ ಅದು ತೇವವನ್ನು ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ.

ಸೆಲ್ಫ್ ಮೋಟಾರ್ ಮತ್ತು ಡೈನಮೋ ಬಿಚ್ಚಿ ಇಟ್ಟೆವು. ಗಾಳಿ ಎಳೆಯುವ ಬಾಯಿ, ಬ್ರೀದರ್, ಡೀಸೆಲ್ ಪಂಪಿನ ಮೇಲೆ ಪ್ಲಾಸ್ಟಿಕ್ ಬಿಗಿದೆವು. ಮೊದಲು ಬಿಸಿನೀರು ಮತ್ತು ಸೋಪು, ಏಕೆಂದರೆ ಆಯಿಲ್ ಪದರದ ಅಡಿಯಲ್ಲಿ ಉಪ್ಪು ಅಡಗಿರುತ್ತದೆ, ಬರೀ ನೀರು ಅದನ್ನು ಮುಟ್ಟುವುದಿಲ್ಲ. ಆಮೇಲೆ ಸಿಹಿನೀರು, ಮತ್ತೆ ಸಿಹಿನೀರು. ದಕ್ಕೆಯ ಹತ್ತಿರದ ಬಾವಿಗಳ ನೀರನ್ನು ಇದಕ್ಕೆ ಬಳಸಬಾರದು, ಹಲವು ಬಾವಿಗಳಲ್ಲಿ ಸವಳು ಇದೆ. ಕುಡಿಯುವ ನೀರಿನ ಯಂತ್ರದವರು ಇಟ್ಟುಕೊಳ್ಳುವ ಪೆನ್ನಿನಂಥ ಟಿಡಿಎಸ್ ಮೀಟರನ್ನು (ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವುದು) ನಾನು ಸದಾ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುತ್ತೇನೆ. ನೀರನ್ನೂ ಅದರಲ್ಲಿ ನೋಡಿಯೇ ತರಿಸುತ್ತೇನೆ.

ಅದೇ ಮೀಟರಿನಿಂದ ಉಪ್ಪು ಹೋಗಿದೆಯೇ ಎಂದೂ ಅಳೆಯಬಹುದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ 50 ಮಿಲಿಲೀಟರ್ ಲೋಟಕ್ಕೆ ಹಾಕಿ ಹತ್ತಿಯನ್ನು ಅದ್ದಬೇಕು. ಅಂಗೈಯಗಲದ ಜಾಗವನ್ನು ಒತ್ತಿ ಒರೆಸಿ, ಹತ್ತಿಯನ್ನು ಅದೇ ಲೋಟಕ್ಕೆ ಹಿಂಡಿ ಕಲಕಬೇಕು. ಕೈಗೆ ಗ್ಲೌಸ್ ಬೇಕು, ಬೆವರಿನ ಉಪ್ಪೂ ಲೆಕ್ಕಕ್ಕೆ ಬಂದುಬಿಡುತ್ತದೆ. ಈ ಎಂಜಿನ್‌ನ ಬ್ಲಾಕಿನ ಹಿಂಭಾಗವನ್ನು ತೊಳೆಯುವ ಮೊದಲು ಒರೆಸಿದಾಗ ಮೀಟರ್ 400 ದಾಟಿತ್ತು. ಸೋಪು ಹಾಕಿ ತೊಳೆದ ಮೇಲೆಯೂ 150ರ ಹತ್ತಿರವೇ ನಿಂತಿತು, ಏಕೆಂದರೆ ತುಕ್ಕಿನ ಗುಳಿಗಳ ತಳದಲ್ಲಿ ಉಪ್ಪು ಕುಳಿತಿತ್ತು. ತುಕ್ಕು ಕೆರೆದು ಮತ್ತೆ ತೊಳೆದು, ಮತ್ತೆ ಕೆರೆದು ತೊಳೆದು 20ರ ಕೆಳಗೆ ಬಂದ ಮೇಲೆಯೇ ಮುಂದಿನ ಹೆಜ್ಜೆ. ತುಕ್ಕಿಗೆ ಹಚ್ಚುವ ಆಮ್ಲ ಬಳಸಿದ ಮೇಲೆ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಮೀಟರ್ ಉಪ್ಪನ್ನೂ ಆಮ್ಲವನ್ನೂ ಬೇರೆ ಮಾಡಿ ಹೇಳುವುದಿಲ್ಲ.

ಕೆರೆಯುವ ಕೆಲಸಕ್ಕೆ ಅಗಲ ಜಾಗದಲ್ಲಿ ಗ್ರೈಂಡರಿಗೆ ಹಾಕುವ ತಂತಿ ಕಪ್, ಗುಳಿಗಳಿಗೆ ಕೈಬ್ರಷ್ ಮತ್ತು ಮೊನೆಯ ಉಳಿ. ತಂತಿ ಕಪ್ ತುಕ್ಕನ್ನು ತೆಗೆಯುವ ಬದಲು ಉಜ್ಜಿ ಹೊಳಪಿಸಿಬಿಡುವ ಅಪಾಯವಿದೆ. ಬೆಳಕನ್ನು ಓರೆಯಾಗಿ ಹಿಡಿದು ನೋಡಿದರೆ ಹೊಳೆಯುವ ಕಂದು ಯಾವುದು, ನಿಜವಾದ ಕಬ್ಬಿಣದ ಬೂದು ಯಾವುದು ಎಂದು ತಿಳಿಯುತ್ತದೆ.

ಆಯಿಲ್ ಚೇಂಬರ್ ತೆಗೆಯಲು ಚೈನ್ ಪುಲ್ಲಿಯಿಂದ ಎಂಜಿನ್ ಎತ್ತಲೇಬೇಕಾಯಿತು. ಕೊಳೆತ ಮೂಲೆಯನ್ನು ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ, 3 ಮಿಲಿಮೀಟರ್ ಪ್ಲೇಟ್ ಬಾಗಿಸಿ ವೆಲ್ಡ್ ಮಾಡಿದೆವು. ವೆಲ್ಡ್ ಸೋರುತ್ತದೆಯೇ ಎಂದು ನೋಡಲು ಹಳೆಯ ಉಪಾಯವೇ ಸಾಕು: ಹೊರಗಡೆ ಸೀಮೆಸುಣ್ಣ ಬಳಿದು ಒಳಗಡೆ ಸೀಮೆಎಣ್ಣೆ ಹಚ್ಚಿ ಬಿಡುವುದು. ಕೂದಲೆಳೆಯಷ್ಟು ಬಿರುಕಿದ್ದರೂ ಬಿಳಿಯ ಮೇಲೆ ಒದ್ದೆ ಕಲೆ ಮೂಡುತ್ತದೆ. ಒಂದು ಕಡೆ ಮೂಡಿತು, ಕೊರೆದು ಮತ್ತೆ ವೆಲ್ಡ್ ಮಾಡಿದೆವು.

ಮುರಿದ ಬೋಲ್ಟುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊಂಡಿಯ ಮೇಲೆ ನಟ್ ಇಟ್ಟು ಒಳಗಿನಿಂದ ವೆಲ್ಡ್ ಮಾಡಿ, ಆ ಬಿಸಿ ಇರುವಾಗಲೇ ಹಿಂದೆ ಮುಂದೆ ಅಲುಗಿಸುತ್ತ ತಿರುಗಿಸಿದರೆ ಬಹುಪಾಲು ಹೊರಗೆ ಬರುತ್ತವೆ. ಆದರೆ ಪಂಪಿನ ಅಲ್ಯೂಮಿನಿಯಂ ಬ್ರಾಕೆಟಿಗೆ ಹಾಕಿದ್ದ ಸ್ಟೇನ್‌ಲೆಸ್ ಬೋಲ್ಟುಗಳು ಬೇರೆಯದೇ ಕಥೆ. ಸ್ಟೇನ್‌ಲೆಸ್ ತುಕ್ಕು ಹಿಡಿಯುವುದಿಲ್ಲ ಎಂದು ಯಾರೋ ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದಾರೆ. ಉಪ್ಪು ನೀರು ನಡುವೆ ಬಂದಾಗ ಸವೆಯುವುದು ಅಲ್ಯೂಮಿನಿಯಂ. ಬೋಲ್ಟ್ ಹೊಳೆಯುತ್ತಲೇ ಇರುತ್ತದೆ, ಅದರ ಸುತ್ತಲಿನ ಲೋಹ ಬಿಳಿ ಪುಡಿಯಾಗಿ ಉದುರುತ್ತದೆ. ತೂತುಗಳನ್ನು ಹಿಗ್ಗಿಸಿ ಹೆಲಿಕಾಯಿಲ್, ಅಂದರೆ ಬೋಲ್ಟ್ ಹಿಡಿಯುವ ತಂತಿ ಸುರುಳಿ, ಕೂರಿಸಿದೆವು. ಬೋಲ್ಟುಗಳ ಅಡಿಗೆ ನೈಲಾನ್ ವಾಷರ್, ಮರೆಗಳಿಗೆ (ತಿರುಪಿನ ಸುರುಳಿ ಗೆರೆಗಳಿಗೆ) ದಪ್ಪ ಗ್ರೀಸ್. ಎರಡು ಲೋಹಗಳ ನಡುವೆ ನೀರು ನುಸುಳದಿದ್ದರೆ ಅವುಗಳ ಜಗಳವೂ ಇಲ್ಲ.

ಹೀಟ್ ಎಕ್ಸ್‌ಚೇಂಜರ್ ಬಿಚ್ಚಿದಾಗ ಕೊನೆಯ ಮುಚ್ಚಳ ಎಲ್ಲರೂ ನೋಡಬೇಕಾದ ಪಾಠ ತೋರಿಸಿತು. ಅದು ಬೀಡು ಕಬ್ಬಿಣದ್ದು. ಆಕಾರ ಸರಿಯಿತ್ತು, ಅಂಚುಗಳು ಸರಿಯಿದ್ದವು, ತುಕ್ಕೂ ಅಷ್ಟಾಗಿ ಕಾಣಲಿಲ್ಲ. ಒಳಗಡೆ ಚಾಕುವಿನ ಮೊನೆ ಒತ್ತಿದರೆ ಸುಲಭವಾಗಿ ಇಳಿಯಿತು, ಬೆರಳಿಗೆ ಕಪ್ಪು ಮೆತ್ತಿಕೊಂಡಿತು. ಕಡಲ ನೀರು ಬೀಡಿನೊಳಗಿನ ಕಬ್ಬಿಣವನ್ನು ಮಾತ್ರ ಕರಗಿಸಿಕೊಂಡು ಹೋಗುತ್ತದೆ, ಗ್ರಾಫೈಟ್ ತನ್ನ ಜಾಗದಲ್ಲಿಯೇ ಉಳಿಯುತ್ತದೆ. ಹೊರಗಿನಿಂದ ಮುಚ್ಚಳ, ಒಳಗೆ ಪೆನ್ಸಿಲ್ಲಿನಲ್ಲಿರುವ ಅದೇ ಗ್ರಾಫೈಟ್. ಕಡಲ ನೀರು ಮುಟ್ಟುವ ಬೀಡಿನ ಭಾಗವನ್ನು ಕಣ್ಣಿನಿಂದ ನೋಡಿ ಪಾಸು ಮಾಡಬಾರದು. ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಬೇಕು, ಚಾಕುವಿನಿಂದ ಕೆರೆಯಬೇಕು. ಆ ಮುಚ್ಚಳದ ಬದಲಿಗೆ ಗನ್‌ಮೆಟಲ್ಲಿನದನ್ನು ಲೇತ್‌ನಲ್ಲಿ ಮಾಡಿಸಿದೆವು.

ಒಳಗಿನ ಕೊಳವೆಗಳ ಕಟ್ಟು ಕ್ಯುಪ್ರೊನಿಕಲ್ಲಿನದು, ಅಂದರೆ ತಾಮ್ರ ಮತ್ತು ನಿಕಲ್ ಬೆರೆತ ಲೋಹದ್ದು. ಒಂದೊಂದು ಕೊಳವೆಗೂ ಹಿತ್ತಾಳೆ ಸರಳು ತೂರಿಸಿ ಚಿಪ್ಪು, ಇಂಪೆಲ್ಲರಿನ ಮುರಿದ ರಬ್ಬರ್ ಚೂರು ತೆಗೆದು, ಸಿಟ್ರಿಕ್ ಆಮ್ಲದ ತೆಳು ದ್ರಾವಣದಲ್ಲಿ ನೆನೆಸಿದೆವು. ಕಬ್ಬಿಣದ ಸರಳು ಹಾಕಿದರೆ ಒಳಗೋಡೆ ಗೀರುತ್ತದೆ. ಆಮೇಲೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿ 1 ಬಾರ್ ಗಾಳಿ ಕೊಟ್ಟಾಗ ಎರಡು ಕೊಳವೆಗಳಿಂದ ಗುಳ್ಳೆ ಬಂತು. ಎರಡರ ಎರಡೂ ತುದಿಗಳಿಗೆ ಹಿತ್ತಾಳೆಯ ಮೊಳೆ ಹೊಡೆದು ಮುಚ್ಚಿದೆವು. ಒಟ್ಟು ಕೊಳವೆಗಳಲ್ಲಿ ಶೇಕಡಾ 10ರವರೆಗೆ ಹೀಗೆ ಮುಚ್ಚಿದರೂ ತಣಿಸುವ ಶಕ್ತಿ ಸಾಕಾಗುತ್ತದೆ. ಬೋಟ್ ನಡೆಸುವ ತಾಂಡೇಲರು ಹೋದ ಸೀಸನ್ನಿನಲ್ಲಿ ಕೂಲಂಟ್ ಕಡಿಮೆಯಾಗುತ್ತಲೇ ಇತ್ತು ಎಂದಿದ್ದು ಇಲ್ಲಿಗೆ ಹೊಂದಿತು: ಎಂಜಿನ್ ಓಡುವಾಗ ಕೂಲಂಟಿನ ಒತ್ತಡ ಹೆಚ್ಚು, ಅದು ಕಡಲ ನೀರಿನ ಕಡೆಗೆ ಹೋಗುತ್ತದೆ; ನಿಂತು ತಣಿದ ಮೇಲೆ ಕಡಲ ನೀರು ಈ ಕಡೆ ಬರುತ್ತದೆ. ಕೂಲಂಟಿಗೆ ಉಪ್ಪು ಸೇರಿದೆಯೇ ಎಂದು ನಾಲಿಗೆಗೆ ಹಚ್ಚಿ ನೋಡುವವರಿದ್ದಾರೆ. ದಯವಿಟ್ಟು ಬೇಡ, ಗ್ಲೈಕಾಲ್ ವಿಷ.

ಬಂದರಿನ ನೀರಿನ ಬಗ್ಗೆಯೂ ಒಂದು ಮಾತು. ಮೀನಿನ ತ್ಯಾಜ್ಯ ಕೊಳೆತ ನೀರಿನಲ್ಲಿ ಸಲ್ಫೈಡ್ ಇರುತ್ತದೆ, ಆ ಕೊಳೆತ ಮೊಟ್ಟೆಯ ವಾಸನೆ ಅದರದೇ. ತಾಮ್ರ ಬೆರೆತ ಲೋಹಗಳ ಮೇಲಿನ ರಕ್ಷಕ ಪದರವನ್ನು ಸಲ್ಫೈಡ್ ಕೆಡಿಸುತ್ತದೆ. ಬೋಟ್ ನಿಲ್ಲಿಸಿ ಎರಡು ತಿಂಗಳು ಆ ನೀರನ್ನು ಕೊಳವೆಗಳಲ್ಲಿ ಬಿಟ್ಟರೆ, ದುಡಿಯುವಾಗ ಆಗದ ಹಾನಿ ವಿಶ್ರಾಂತಿಯಲ್ಲಿ ಆಗುತ್ತದೆ. ಮೇ 31ರ ಸಂಜೆಯೇ ಬಂದರಿನ ನೀರನ್ನು ಖಾಲಿ ಮಾಡಿ ಸಿಹಿನೀರು ಓಡಿಸಿ ಹೊರಗೆ ಬಿಡಬೇಕು.

ಎಕ್ಸ್‌ಚೇಂಜರಿನ ಸತುವಿನ ಪೆನ್ಸಿಲ್ (ಪೆನ್ಸಿಲ್ ಆಕಾರದ ಸತುವಿನ ಸರಳು) ಇದ್ದ ಜಾಗದಲ್ಲಿ ಬರೀ ಹಿತ್ತಾಳೆ ಪ್ಲಗ್ ಉಳಿದಿತ್ತು. ಕೊಳವೆಗಳ ಬದಲು ತಾನು ಸವೆಯುವುದಕ್ಕೇ ಅದನ್ನು ಇಡುವುದು. ಅರ್ಧ ಸವೆದಾಗ ಬದಲಿಸಬೇಕು, ಪೂರ್ತಿ ಮುಗಿಯುವವರೆಗೆ ಕಾಯಬಾರದು. ಮರೆಗೆ ಟೆಫ್ಲಾನ್ ಟೇಪ್ ಸುತ್ತುವುದೂ ತಪ್ಪು: ಸತು ಮತ್ತು ಎಕ್ಸ್‌ಚೇಂಜರಿನ ದೇಹದ ನಡುವೆ ವಿದ್ಯುತ್ ಸಂಪರ್ಕ ಕಡಿದರೆ ಅದು ಅಲ್ಲಿದ್ದೂ ಇಲ್ಲದಂತೆ. ಗುಜರಿಯ ಸತುವನ್ನು ಕಬ್ಬಿಣದ ಬಾಣಲೆಯಲ್ಲಿ ಕರಗಿಸಿ ಸ್ವಂತವಾಗಿ ಎರಕ ಹೊಯ್ಯುವವರೂ ಇದ್ದಾರೆ. ಅಮೆರಿಕದ ಸೇನಾ ಮಾನದಂಡ ಸತುವಿನ ಆನೋಡಿನಲ್ಲಿ (ಹೀಗೆ ತಾನು ಸವೆದು ಬೇರೆ ಲೋಹ ಉಳಿಸುವ ತುಂಡಿನಲ್ಲಿ) ಕಬ್ಬಿಣವನ್ನು ಶೇಕಡಾ 0.005ಕ್ಕೆ ಮಿತಿಗೊಳಿಸಿರುವುದಕ್ಕೆ ಕಾರಣವಿದೆ. ಕಬ್ಬಿಣ ಸ್ವಲ್ಪ ಹೆಚ್ಚಿದರೂ ಸತುವಿನ ಮೇಲೆ ಗಟ್ಟಿ ಪದರ ಕಟ್ಟಿ ಅದು ಸವೆಯುವುದನ್ನೇ ನಿಲ್ಲಿಸುತ್ತದೆ. ಸವೆಯದ ಸತು ನೋಡಿ ಮಾಲೀಕರು ಸಂತೋಷಪಡುತ್ತಾರೆ. ಅಷ್ಟರಲ್ಲಿ ಸವೆಯುತ್ತಿರುವುದು ಬೇರೆ ಲೋಹ.

ಒಡಲಿನ ಹೊರಗಿನ ಆನೋಡುಗಳಿಗೆ ನಮ್ಮಲ್ಲಿ ಇನ್ನೊಂದು ತೊಡಕಿದೆ. ಮಳೆಗಾಲದಲ್ಲಿ ಬೋಟುಗಳು ಅಳಿವೆಯೊಳಗೆ ನಿಲ್ಲುತ್ತವೆ, ಹೊಳೆಯ ನೀರು ತುಂಬಿ ಬಂದು ಉಪ್ಪು ತಗ್ಗುತ್ತದೆ. ಅಂಥ ನೀರಿನಲ್ಲಿ ಸತುವಿನ ಮೇಲೆ ಬಿಳಿ ಪದರ ಕಟ್ಟುತ್ತದೆ; ಮತ್ತೆ ಕಡಲಿಗೆ ಇಳಿದಾಗಲೂ ಅದು ಸರಿಯಾಗಿ ಕೆಲಸ ಮಾಡದು. ಅದಕ್ಕೇ ಹೊರಗಡೆಗೆ ಅಲ್ಯೂಮಿನಿಯಂ ಆನೋಡ್ ಹಾಕಿಸಿದೆ. ಸವಳು ನೀರಿನಲ್ಲಿ ಅದು ಸತುವಿಗಿಂತ ಚೆನ್ನಾಗಿ ನಡೆಯುತ್ತದೆ. ಬಾಳಿಕೆಯೂ ಹೆಚ್ಚು: ಕಿಲೋಗೆ ಸತು ಸುಮಾರು 780 ಆಂಪಿಯರ್-ಗಂಟೆ ಕೊಟ್ಟರೆ ಅಲ್ಯೂಮಿನಿಯಂ ಸುಮಾರು 2500 ಕೊಡುತ್ತದೆ. ಒಡಲಿಗೆ ಬಣ್ಣ ಹೊಡೆಯುವ ಹುಡುಗರಿಗೆ ಆನೋಡಿನ ಮೇಲೆ ಕಾಗದ ಅಂಟಿಸಿ ಕೊಟ್ಟೆ, ಬಣ್ಣ ಬಿದ್ದರೆ ಅದು ಸತ್ತಂತೆ.

ಹೆಡ್ ಬಿಚ್ಚಿದ್ದರಿಂದ ಒಂದು ಲೈನರನ್ನೂ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ತೋಳನ್ನೂ, ಎಳೆದು ನೋಡಿದೆವು. ಹೊರಮೈಯ ಒಂದೇ ಬದಿಯಲ್ಲಿ, ಪಿಸ್ಟನ್ ಒತ್ತುವ ಕಡೆ, ಮೇಲಿನಿಂದ ಕೆಳಗೆ ಸೂಜಿ ಚುಚ್ಚಿದಂಥ ತೂತುಗಳ ಸಾಲು. ಇದು ತುಕ್ಕಷ್ಟೇ ಅಲ್ಲ. ಪಿಸ್ಟನ್ ಬಡಿದಾಗಲೆಲ್ಲ ಲೈನರ್ ಅದುರುತ್ತದೆ, ಕೂಲಂಟಿನಲ್ಲಿ ಸಣ್ಣ ಗುಳ್ಳೆಗಳೆದ್ದು ಲೋಹದ ಮೇಲೆಯೇ ಒಡೆಯುತ್ತವೆ, ರಕ್ಷಕ ಪದರ ಕಿತ್ತುಹೋಗುತ್ತದೆ. ನೈಟ್ರೈಟಿನಂಥ ಔಷಧವಿರುವ ಕೂಲಂಟ್ ಆ ಪದರವನ್ನು ಮತ್ತೆ ಕಟ್ಟುತ್ತದೆ. ಬಾವಿ ನೀರು ಕಟ್ಟುವುದಿಲ್ಲ. ಇಲ್ಲಿ ಹಿಮ ಬೀಳುವುದಿಲ್ಲ, ಕೂಲಂಟ್ ಏಕೆ ಎಂದು ಕೇಳುವವರಿಗೆ ಆ ಲೈನರನ್ನೇ ತೋರಿಸುತ್ತೇನೆ. ತೂತುಗಳು ಆಳವಿಲ್ಲದ್ದರಿಂದ ಲೈನರನ್ನು ಕಾಲು ಸುತ್ತು ತಿರುಗಿಸಿ ಹೊಸ ಓ-ರಿಂಗ್ ಹಾಕಿ ಕೂರಿಸಿದೆವು. ಬ್ಲಾಕಿನ ತೂತು ಮುಚ್ಚುವ ಕೋರ್ ಪ್ಲಗ್‌ಗಳು ಕೊಳೆತಿದ್ದವು, ಅವುಗಳ ಜಾಗಕ್ಕೆ ಹಿತ್ತಾಳೆಯವು ಬಂದವು. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಬೆರೆಸಿ ತುಂಬಿದೆವು.

ವೈರಿಂಗ್ ನೋಡುವಾಗ ಎಲ್ಲ ಸ್ವಿಚ್ ಆರಿಸಿ ಬ್ಯಾಟರಿಯ ಟರ್ಮಿನಲ್ ಬಿಚ್ಚಿ ನಡುವೆ ಮಲ್ಟಿಮೀಟರ್ ಇಟ್ಟಾಗ ಕರೆಂಟ್ ಹರಿಯುತ್ತಲೇ ಇತ್ತು. ಒಂದೊಂದೇ ಫ್ಯೂಸ್ ತೆಗೆಯುತ್ತ ಹೋದಾಗ ತಳದ ನೀರೆತ್ತುವ ಪಂಪಿನ ವೈರಿನ ಜೋಡಣೆ ಸಿಕ್ಕಿತು. ಬರೀ ಇನ್ಸುಲೇಷನ್ ಟೇಪ್ ಸುತ್ತಿ ನೀರಿನಲ್ಲಿ ಬಿಟ್ಟಿದ್ದರು. ಪಾಸಿಟಿವ್ ವೈರ್ ಹೀಗೆ ಉಪ್ಪು ನೀರಿಗೆ ಸೋರಿದರೆ ಹತ್ತಿರದ ಲೋಹ ವರ್ಷಗಳಲ್ಲಿ ಅಲ್ಲ, ವಾರಗಳಲ್ಲಿ ತೂತಾಗುತ್ತದೆ. ಹೊಸ ಜೋಡಣೆಯನ್ನು ತಳದ ನೀರು ಮುಟ್ಟದ ಎತ್ತರಕ್ಕೆ ತಂದು, ಒಳಗೆ ಅಂಟಿರುವ ಹೀಟ್ ಶ್ರಿಂಕ್ ತೋಳು ಹಾಕಿದೆವು.

ಬಣ್ಣ ಕೊನೆಯದು. ಜುಲೈ ತಿಂಗಳ ಗಾಳಿಯಲ್ಲಿ ಕಬ್ಬಿಣ ತಾನೇ ಬೆವರುತ್ತದೆ. ಲೋಹದ ಬಿಸಿ ಇಬ್ಬನಿ ಕಟ್ಟುವ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಎಂಜಿನ್ ಕೋಣೆಗೆ ಟಾರ್ಪಾಲ್ ಬಿಗಿದು ಹ್ಯಾಲೋಜನ್ ದೀಪಗಳನ್ನು ರಾತ್ರಿಯಿಡೀ ಉರಿಸಿ, ಬ್ಲಾಕ್ ಮುಟ್ಟಿದರೆ ಬೆಚ್ಚಗೆ ಅನ್ನಿಸಿದಾಗ ಹಚ್ಚಲು ಶುರು ಮಾಡಿದೆವು. ಗುಳಿಗಳಿಗೆ ಟ್ಯಾನಿಕ್ ಆಮ್ಲದ ಕನ್ವರ್ಟರ್, ಅದು ಕಪ್ಪಾಗಿ ಒಣಗಿದ ಮೇಲೆ ಜಿಂಕ್ ಫಾಸ್ಫೇಟ್ ಎಪಾಕ್ಸಿ ಪ್ರೈಮರ್ ಎರಡು ಕೋಟ್, ಮೇಲೆ ತಿಳಿ ಬೂದು ಬಣ್ಣ. ಹೊಗೆ ಕೊಳವೆಗೆ 600 ಡಿಗ್ರಿ ತಾಳುವ ಅಲ್ಯೂಮಿನಿಯಂ ಬಣ್ಣ. ಮಾಲೀಕರಿಗೆ ಹಸಿರೇ ಬೇಕಿತ್ತು. ತಿಳಿ ಬಣ್ಣದ ಮೇಲೆ ಒಂದು ಹನಿ ಆಯಿಲ್, ಒಂದು ಎಳೆ ತುಕ್ಕು ಬಂದರೂ ಅಂದೇ ಕಾಣುತ್ತದೆ ಎಂದು ವಿವರಿಸಿದಾಗ ಒಪ್ಪಿದರು.

ಗ್ಲ್ಯಾಂಡಿಗೆ ಹೊಸ ಪ್ಯಾಕಿಂಗ್ ಹಾಕಿದ ಮೇಲೂ ಕೆಲವು ಹನಿ ಬೀಳುವುದು ಸಹಜವಾದ್ದರಿಂದ, ಕಪ್ಲಿಂಗಿನ ಮೇಲೆ ಫೈಬರಿನ ಒಂದು ಕಮಾನು ಮುಚ್ಚಳ ಮಾಡಿ ಕೂರಿಸಿದೆವು. ಎರಚುವ ನೀರು ಈಗ ಆ ಮುಚ್ಚಳದೊಳಗೇ ಇಳಿದು ತಳಕ್ಕೆ ಹೋಗುತ್ತದೆ. ಹೊಗೆ ಕೊಳವೆಗೆ ತಾನೇ ಮುಚ್ಚಿಕೊಳ್ಳುವ ತಗಡಿನ ಕೀಲು ಮುಚ್ಚಳ ಬಂತು. ನೀರು ಹೊಕ್ಕಿದ್ದ ಸಿಲಿಂಡರಿನ ವಾಲ್ವ್ ಸೀಟುಗಳನ್ನು ಅರೆದು ಕೂರಿಸಿದ್ದರಿಂದ ಕಂಪ್ರೆಷನ್ ಉಳಿದವುಗಳಿಗೆ ಸರಿಸಾಟಿಯಾಗಿ ಬಂತು.

ಆಗಸ್ಟ್‌ನಲ್ಲಿ ಬೋಟ್ ಕಡಲಿಗೆ ಇಳಿಯಿತು. ಮೊದಲ ಟ್ರಿಪ್ ಮುಗಿಸಿ ಬಂದಾಗ ತಾಂಡೇಲರು ಕೂಲಂಟ್ ಟ್ಯಾಂಕಿನ ಗೆರೆ ಕದಲಿಲ್ಲ ಎಂದು ಹೇಳಿದರು. ಸೆಪ್ಟೆಂಬರ್‌ನಲ್ಲಿ ಸತುವಿನ ಪೆನ್ಸಿಲ್ ಬಿಚ್ಚಿದೆ: ಮೂರರಲ್ಲೊಂದು ಪಾಲು ಸವೆದು, ಮೈಯೆಲ್ಲ ಒರಟಾಗಿತ್ತು, ಬೇಕಾದದ್ದೂ ಅದೇ. ಕಪ್ಲಿಂಗಿನ ಹತ್ತಿರದ ಬೂದು ಬಣ್ಣದ ಮೇಲೆ ಉಪ್ಪಿನ ಗೆರೆ ಇಲ್ಲ. ಪಂಪಿನ ಎಚ್ಚರಿಕೆ ತೂತು ಒಣಗಿತ್ತು. ದಸರೆಯ ಹೊತ್ತಿಗೆ ಬದಲಿಸಲು ಎರಡು ಹೊಸ ಪೆನ್ಸಿಲ್‌ಗಳನ್ನೂ ಅದಕ್ಕೆ ಬೇಕಾದ ಸ್ಪ್ಯಾನರನ್ನೂ ಎಂಜಿನ್ ಕೋಣೆಯ ಬಾಗಿಲಿನ ಒಳಬದಿಗೆ ತೂಗುಹಾಕಿ ಬಂದಿದ್ದೇನೆ.